ಮನೆ ತುಂಬಿಸುವುದು

ಇನ್ನಂಜೆಯಲ್ಲಿ ಬಸ್ಸಿನಿಂದ ಇಳಿದ ಹೃಷೀಕೇಶನಿಗೆ ಮೊದಲು ಎದುರಾದವನು ವಿಲ್ಫ್ರೆಡ್. ಪಕ್ಕದ ಹಿತ್ತಿಲಿನವನು, ಮಲ್ಲಿಗೆ ಬೆಳೆಯುವವನು, ಇಪ್ಪತ್ತು ವರ್ಷಗಳಿಂದ ಕಂಡಾಗಲೆಲ್ಲ ‘ಬಂದ್ರಾ’ ಎಂಬ ಒಂದೇ ಮಾತಿನಲ್ಲಿ ನೆರೆಹೊರೆಯ ಸಂಬಂಧವನ್ನು ಮುಗಿಸಿಬಿಡುತ್ತಿದ್ದವನು, ಆ ವಿಜಯದಶಮಿಯ ಬೆಳಿಗ್ಗೆ ಸೈಕಲ್ಲನ್ನು ಕಂಬಕ್ಕೆ ಒರಗಿಸಿ, ಅಂಗೈಯನ್ನು ಲುಂಗಿಗೆ ಒರೆಸಿಕೊಂಡು ಬಂದು ಹೃಷೀಕೇಶನ ಕೈ ಹಿಡಿದು ಕುಲುಕಿದ. ಕುಲುಕಿದ ಮೇಲೆ ಬಿಡಲೂ ಇಲ್ಲ. ಐವತ್ತೆರಡು ವರ್ಷವಾದರೂ ಹೃಷೀಕೇಶನಿಗೆ ಯಾರಿಂದಲೂ ಕೈ ಕುಲುಕಿಸಿಕೊಂಡು ಅಭ್ಯಾಸವಿರಲಿಲ್ಲ. ಅಂಥ ಸಂದರ್ಭಗಳು ಅವನ ಪಾಲಿಗೆ ಬಂದದ್ದೇ ಕಡಿಮೆ. ಕೈಯನ್ನು ಯಾವಾಗ ಹಿಂದಕ್ಕೆ ತೆಗೆದುಕೊಳ್ಳುವುದು ಮರ್ಯಾದೆ ಎಂದು ತಿಳಿಯದೆ ಅವನು ಸುಮ್ಮನೆ ನಿಂತ.

“ಒಳ್ಳೆಯ ಕೆಲಸ ಮಾಡ್ತಾ ಇದ್ದೀರಿ ಭಟ್ರೆ. ತಡ ಆದ್ರೂ ಅಡ್ಡಿಲ್ಲ,” ಎಂದ ವಿಲ್ಫ್ರೆಡ್.

“ಎಂತ ತಡ? ದಶಮಿ ಇವತ್ತೇ ಅಲ್ವಾ?”

“ಅದು ಹೌದು. ಆದ್ರೂ ಮೊದಲೇ ಮಾಡಬಹುದಿತ್ತು ಅಂತ.”

“ಮೊದಲೂ ಮಾಡಿದ್ದೇ ವಿಲ್ಫ್ರೆಡ್. ಪ್ರತಿ ವರ್ಷ ಮಾಡ್ತಿದ್ದೆ. ಹೋದ ವರ್ಷ ಮಾತ್ರ ಬಿಟ್ಟುಹೋಯಿತು.”

ವಿಲ್ಫ್ರೆಡ್ ಕೈ ಬಿಟ್ಟ. “ಪ್ರತಿ ವರ್ಷವಾ?” ಎಂದ.

“ಮತ್ತೆ? ಅದಕ್ಕೆ ಮೊದಲು ಅಪ್ಪ ಮಾಡ್ತಿದ್ರು. ಅಮ್ಮನೇ ಮುಂದೆ ನಿಂತು ಎಲ್ಲ ತಯಾರಿ ಮಾಡಿಕೊಡ್ತಿದ್ರು.”

ವಿಲ್ಫ್ರೆಡ್ ಸ್ವಲ್ಪ ಹೊತ್ತು ಅವನ ಮುಖವನ್ನು ನೋಡಿದ. ಸತ್ತುಹೋದ ದೊಡ್ಡವರ ಬಗ್ಗೆ ಏನೂ ಅನ್ನಬಾರದು ಎಂದುಕೊಂಡವನ ಹಾಗೆ ಕೊನೆಗೆ, ಎರಡು ಅಟ್ಟೆ, ಅಂದರೆ ಎಂಟು ಚೆಂಡು, ಮಲ್ಲಿಗೆ ಕಟ್ಟಿಸಿ ಬೆಳಿಗ್ಗೆಯೇ ನಿಮ್ಮ ಕೆಲಸದ ತಿಮ್ಮಣ್ಣನ ಕೈಯಲ್ಲಿ ಕಳಿಸಿದ್ದೇನೆ, ಅದು ನನ್ನ ಮತ್ತು ಹೆಂಡತಿ ಆಂಜೆಲಾಳ ಕಡೆಯಿಂದ ಎಂದು ಹೇಳಿ ಸೈಕಲ್ ಹತ್ತಿ ಹೋದ.

ಮನೆಯ ದಾರಿ ಗದ್ದೆಯ ಬದುವಿನ ಮೇಲೆ. ಮನೆ ತುಂಬಿಸುವ ಭತ್ತದ ತೆನೆಗಳಿಗೆ ಎರಡು ಅಟ್ಟೆ ಮಲ್ಲಿಗೆ ಯಾಕೆ ಎಂದು ಯೋಚಿಸುತ್ತ ಹೃಷೀಕೇಶ ನಡೆದ. ಎಲ್ಲೋ ಒಂದು ತಪ್ಪು ನುಸುಳಿದೆ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸುವುದು ಅವನ ವೃತ್ತಿ. ಮಣಿಪಾಲದ ಮುದ್ರಣಾಲಯವೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಅವನು ಕರಡು ತಿದ್ದುತ್ತಿದ್ದ. ಮದುವೆಯ ಕಾಗದ, ಪಠ್ಯಪುಸ್ತಕ, ಔಷಧದ ಪೊಟ್ಟಣ, ದೇವಸ್ಥಾನದ ವಿಜ್ಞಾಪನೆ, ಏನೇ ಇರಲಿ, ಅರ್ಥ ಅವನ ಒಳಗೆ ಇಳಿಯುತ್ತಿರಲಿಲ್ಲ. ಬಿಟ್ಟುಹೋದ ಒತ್ತು, ಹಾರಿಹೋದ ದೀರ್ಘ ಮಾತ್ರ ಕಣ್ಣಿಗೆ ಬಂದು ಚುಚ್ಚುತ್ತಿತ್ತು. ಉದ್ಯಾವರದಿಂದ ಇಲ್ಲಿಯ ತನಕ ಬಸ್ಸಿನ ಕಿಟಕಿಯಲ್ಲಿ ಒಂಬತ್ತು ಬೋರ್ಡುಗಳನ್ನು ಅವನು ಮನಸ್ಸಿನಲ್ಲೇ ತಿದ್ದಿಕೊಂಡು ಬಂದಿದ್ದ. ತಿದ್ದಿ ಯಾರಿಗೂ ಉಪಕಾರವಾಗಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತು. ಹಲ್ಲಿನ ಸಂದಿಯಲ್ಲಿ ಏನಾದರೂ ಸಿಕ್ಕಿಕೊಂಡರೆ ನಾಲಗೆ ಅಲ್ಲಿಗೇ ಹೋಗುವುದನ್ನು ಯಾರು ತಾನೇ ತಡೆಯಬಲ್ಲರು.

ಈ ವರ್ಷ ಮಳೆ ಬಿಟ್ಟ ಮೇಲೆ ಮನೆ ನೋಡಿಕೊಳ್ಳುವ ಸರದಿ ಅವನದು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ತಮ್ಮ ಕೃಷ್ಣಪ್ರಸಾದ್ ಉಡುಪಿಯಲ್ಲಿ ದೇವಸ್ಥಾನದ ಕೆಲಸ ಬಿಟ್ಟು ಬರುವಂತಿಲ್ಲ. ಹಾಗಾಗಿ ಭಾದ್ರಪದ, ಆಶ್ವಯುಜ, ಕಾರ್ತಿಕ ಮೂರು ತಿಂಗಳೂ ಹೃಷೀಕೇಶ ಭಾನುವಾರ ಬಂದು ಹೋಗಬೇಕು. ಬಂದವನು ಮಾಡುತ್ತಿದ್ದದ್ದು ಇಷ್ಟೇ: ಬೆಳಿಗ್ಗೆ ಹತ್ತಕ್ಕೆ ಎಲ್ಲ ಬಾಗಿಲು ತೆಗೆಯುವುದು, ಸಂಜೆ ನಾಲ್ಕಕ್ಕೆ ಹಾಕುವುದು. ನಡುವೆ ಹಳೆಯ ಪಂಚಾಂಗಗಳ ಮೇಲೆ ಬೆಳೆದ ಬೂಷ್ಟನ್ನು ಹೆಗಲ ಮೇಲಿನ ಬೈರಾಸಿನಿಂದ ಒರೆಸುತ್ತಿದ್ದ. ಮಳೆಯಲ್ಲಿ ಊದಿಕೊಂಡು ಹಾಕಲಾಗದಿದ್ದ ಬಾಗಿಲುಗಳು ಬಿಸಿಲಿಗೆ ಕುಗ್ಗಿ ಈಗ ಹಾಕಿದರೂ ನಿಲ್ಲುತ್ತಿರಲಿಲ್ಲ, ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಜಗಲಿಯಲ್ಲಿ ಕೂತವನಿಗೆ ಯಾರೋ ಒಳಗೆ ಓಡಾಡಿದಂತೆ ಕೇಳಿಸುತ್ತಿತ್ತು. ಎದ್ದು ಹೋಗಿ ನೋಡುತ್ತಿದ್ದ. ಯಾರೂ ಇಲ್ಲವೆಂದು ಗೊತ್ತಿದ್ದೂ ಪ್ರತಿ ಸಲ ಎದ್ದು ಹೋಗಿ ನೋಡುತ್ತಿದ್ದದ್ದಕ್ಕೆ ಅವನಿಗೇ ನಾಚಿಕೆಯಾಗುತ್ತಿತ್ತು.

ನಿಜವಾಗಿ ಮನೆ ನೋಡಿಕೊಂಡವರು ತಿಮ್ಮಣ್ಣ ಮತ್ತು ಅವನ ಹೆಂಡತಿ ಹುಲಿಗೆವ್ವ. ಕೊಪ್ಪಳದ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದವರು, ಉದ್ಯಾವರದ ಶೆಡ್ಡಿನಲ್ಲಿ ಮಳೆ ತಾಳಲಾರದೆ ಜೂನ್ ತಿಂಗಳಲ್ಲಿ ಈ ಮನೆಯ ಹಟ್ಟಿಗೆ ಬಂದು ಸೇರಿದ್ದರು. ಹಟ್ಟಿಯಲ್ಲಿ ದನಗಳಿರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ತನ್ನ ಸರದಿಯ ಮೊದಲ ತಿಂಗಳು ಹೃಷೀಕೇಶ ಅವರಿಗೆ ಮಾಡಬೇಕಾದ ಕೆಲಸಗಳನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದು ಕೊಡುತ್ತಿದ್ದ. ‘ಅಟ್ಟದ ಮೇಲಿನ ಬಾವಲಿಗಳನ್ನು ಹಿಂಸೆಯಿಲ್ಲದೆ ನಿವಾರಿಸುವುದು’ ಎಂಬಂಥ ವಾಕ್ಯಗಳು. ಇಬ್ಬರಿಗೂ ಓದಲು ಬರುವುದಿಲ್ಲ ಎಂದು ತಿಳಿದದ್ದು ಒಂದು ಭಾನುವಾರ ಹಟ್ಟಿಯೊಳಗೆ ಇಣುಕಿದಾಗ. ಅವರ ಊರ ದೇವಿ ಹುಲಿಗೆಮ್ಮನ ಪಟದ ಪಕ್ಕದಲ್ಲಿ ಅವನ ನಾಲ್ಕೂ ಹಾಳೆಗಳನ್ನು ಅಂಟಿಸಿ ಹುಲಿಗೆವ್ವ ಕುಂಕುಮ ಹಚ್ಚಿದ್ದಳು. ಅವನ ಬರಹದ ಮೇಲೆ ಕೆಂಪು ಬಿದ್ದದ್ದು ಅದೇ ಮೊದಲು. “ಭಟ್ರ ಬರದದ್ದು ಮಂತ್ರ ಇರ್ತೈತಿ ಅಂತ ಇಟ್ಟೀನ್ರಿ,” ಎಂದಿದ್ದಳು. ತಾನು ಪೂಜೆ ಮಾಡಿಸುವ ಭಟ್ಟನಲ್ಲ, ಅದು ಮಂತ್ರವಲ್ಲ, ಬಾವಲಿಯ ವಿಷಯ ಎಂದು ಹೇಳಬೇಕೆಂದುಕೊಂಡ. ಹೇಳಲು ಮನಸ್ಸು ಬರಲಿಲ್ಲ. ಅಂಗಳ ಮಾತ್ರ ಯಾರೂ ಬರೆದು ಕೊಡದೆಯೇ ಚೊಕ್ಕಟವಾಗಿತ್ತು. ಪಾಚಿ ಕೆತ್ತಿ, ನೆಲ ಪೆಟ್ಟಿಸಿ, ಸೆಗಣಿ ಸಾರಿಸಿ, ಮದುವೆ ಚಪ್ಪರ ಹಾಕಬಹುದು ಎನ್ನುವಷ್ಟು ನುಣುಪಾಗಿ ಮಾಡಿಟ್ಟಿದ್ದರು.

ಬರೆಯುವುದನ್ನು ಬಿಟ್ಟ ಮೇಲೆ ಅವನು ವಿಲ್ಫ್ರೆಡನ ಮನೆಗೆ ಫೋನ್ ಮಾಡಿ ತಿಮ್ಮಣ್ಣನನ್ನು ಕರೆಸಿ ಹೇಳತೊಡಗಿದ. ಹತ್ತು ದಿನದ ಹಿಂದೆಯೂ ಹಾಗೆಯೇ ಹೇಳಿದ್ದ. ‘ದಶಮಿಯ ದಿನ ಮನೆ ತುಂಬಿಸುವುದು ಉಂಟು ತಿಮ್ಮಣ್ಣ. ನಾನು ಬೆಳಿಗ್ಗೆ ಬರ್ತೇನೆ. ಅಂಗಳ ಸಾರಿಸಿ ಇಡು. ಪಾಯಸಕ್ಕೆ ಬೆಲ್ಲ ತೆಂಗಿನಕಾಯಿ ನೋಡಿಕೋ.’ ಮನೆ ತುಂಬಿಸುವುದೆಂದರೆ ಈ ಕಡೆಯಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಗದ್ದೆಯ ಹೊಸ ತೆನೆಯನ್ನು ಕೊಯ್ದು, ಹರಿವಾಣದಲ್ಲಿಟ್ಟು ತಲೆಯ ಮೇಲೆ ಹೊತ್ತು, ಜಾಗಟೆ ಬಾರಿಸಿಕೊಂಡು ಮನೆಯೊಳಗೆ ತಂದು, ಬಾಗಿಲಿಗೆ, ಬಾವಿಗೆ, ಅಕ್ಕಿಯ ಡಬ್ಬಕ್ಕೆ ಒಂದೊಂದು ಕಟ್ಟುವುದು. ಆದರೆ ತಿಮ್ಮಣ್ಣ ಆ ಕಡೆಯಿಂದ, ‘ಹಂಗಾರ ಅಮ್ಮಾರು ಬರ್ತಾರ್ರೀ?’ ಎಂದು ಕೇಳಿದ್ದ. ಧಾನ್ಯಲಕ್ಷ್ಮಿಯನ್ನು ಈ ಕೂಲಿಯವನು ಎಷ್ಟು ಭಕ್ತಿಯಿಂದ ಅಮ್ಮ ಎನ್ನುತ್ತಾನೆ ಎಂದು ಹೃಷೀಕೇಶ ಮೆಚ್ಚಿಕೊಂಡಿದ್ದ. ‘ಬರಲೇಬೇಕಲ್ಲ ಮಾರಾಯ, ಅವಳು ಬರಲಿ ಅಂತಲೇ ಇಷ್ಟೆಲ್ಲ ಮಾಡುವುದು,’ ಎಂದಿದ್ದ. ‘ಕರಿಯಾಕ ಯಾರ ಹೋಗ್ಬೇಕ್ರಿ?’ ‘ಯಾರು ಭಕ್ತಿಯಿಂದ ಕರೆದರೂ ಬರ್ತಾಳೆ.’ ಫೋನ್ ಇಟ್ಟ ಮೇಲೆ ಆ ಮಾತು ತನಗೇ ಹಿಡಿಸಿ, ಅದನ್ನು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದ.

ಕೃಷ್ಣಪ್ರಸಾದ್ ಹಾಗೆ ಅಂದಿರದಿದ್ದರೆ ಅವನು ಈ ವರ್ಷವೂ ಬಿಟ್ಟುಬಿಡುತ್ತಿದ್ದನೋ ಏನೋ. ‘ಜನವೇ ಇಲ್ಲದ ಮನೆಗೆ ಎಂತ ತುಂಬಿಸುವುದು ಅಣ್ಣ?’ ಎಂದಿದ್ದ ತಮ್ಮ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಊಟದ ನಡುವೆ, ಸಾರು ಸುರಿದುಕೊಳ್ಳುತ್ತ. ಅತ್ತಿಗೆಯ ಹೆಸರೆತ್ತಲಿಲ್ಲ. ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಯಾರೂ ಎತ್ತುವುದಿಲ್ಲ. ಹೃಷೀಕೇಶನ ಹೆಂಡತಿ ವನಜಾಕ್ಷಿ ಕಾರ್ಕಳದಲ್ಲಿ ಟೀಚರು, ಅವಳಿಗೆ ಇತ್ತ ವರ್ಗ ಆಗಿಲ್ಲ, ಅಷ್ಟೇ. ಹನ್ನೊಂದು ವರ್ಷ ಆಗದ ವರ್ಗ. ಕೇಳುವವರಿಗೂ ಹೇಳುವವನಿಗೂ ಆ ಸುಳ್ಳು ಹಳೆಯ ಚಪ್ಪಲಿಯ ಹಾಗೆ ಕಾಲಿಗೆ ಹೊಂದಿಕೊಂಡಿತ್ತು. ಜಗಳವಾಗಿದ್ದರೆ ಹೇಳಿಕೊಳ್ಳಬಹುದಿತ್ತು. ಜಗಳವೇ ಆಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವಳು ಒಂದು ಕಾಗದ ಬರೆದಿದ್ದಳು. ಇಲ್ಲಿ ಬಾಡಿಗೆಗೆ ಒಂದು ಮನೆ ನೋಡಿದ್ದೇನೆ, ದಿನಾ ಬಸ್ಸಿನಲ್ಲಿ ಓಡಾಡಲು ಆಗುವುದಿಲ್ಲ, ಆದರೆ ಮನೆ ಮಾಡುವುದು ಬೇಡ ಎಂದು ನೀವು ಹೇಳಿದರೆ ಹೇಗಾದರೂ ಮಾಡಿ ದಿನಾ ಬರುತ್ತೆನೆ. ಅವನು ಅದನ್ನು ಮುದ್ರಣಾಲಯದ ಮೇಜಿನ ಮೇಲೆ, ಎರಡು ಕರಡುಗಳ ನಡುವೆ ಓದಿದ. ಕೈಯಲ್ಲಿ ಕೆಂಪು ಪೆನ್ನಿತ್ತು. ಉತ್ತರ ಬರೆಯಬೇಕೆಂದು ಅದೇ ಕಾಗದದ ಹಿಂಬದಿಯಲ್ಲಿ ಕ್ಷೇಮ ಸಮಾಚಾರ, ಅಮ್ಮನ ಕಾಲುನೋವು ಎಂದು ನಾಲ್ಕು ಸಾಲು ಬರೆದು, ನಿನ್ನ ಅನುಕೂಲದಂತೆ ಮಾಡು ಎಂದು ಮುಗಿಸಿ, ಲಕೋಟೆಗೆ ಹಾಕಿ ಕಳಿಸಿದ. ಮುಂಬದಿಯಲ್ಲಿ ‘ಬರುತ್ತೆನೆ’ಯ ತ್ತೆಗೆ ದೀರ್ಘ ಹಾಕಿದ್ದೇನೆ, ಪಕ್ಕದಲ್ಲಿ ಗುರುತು ಮಾಡಿದ್ದೇನೆ ಎಂದು ನೆನಪಾದದ್ದು ಆ ದಿನ ರಾತ್ರಿ ಹಾಸಿಗೆಯಲ್ಲಿ. ಆ ಪದವನ್ನು ಅವನು ಸರಿ ಮಾಡಿದ. ಅವಳು ಬರಲಿಲ್ಲ. ಆಮೇಲೆ ಹಬ್ಬಕ್ಕೊಂದು ಪೋಸ್ಟ್‌ಕಾರ್ಡ್ ಬರುತ್ತಿತ್ತು, ಅದೂ ಮಣಿಪಾಲದ ಅವನ ಕೋಣೆಗಲ್ಲ, ಇನ್ನಂಜೆಯ ಈ ಮನೆಗೆ. ‘ಕ್ಷೇಮ’ ಎಂದು ಒಂದೇ ಪದ, ಕೆಳಗೆ ಅವಳ ವಿಳಾಸ. ತಪ್ಪು ಹುಡುಕಲು ಅದರಲ್ಲಿ ಏನೂ ಇರುತ್ತಿರಲಿಲ್ಲ.

ತಿಮ್ಮಣ್ಣ ಗದ್ದೆಯ ಬದುವಿನಲ್ಲಿ ಕಾಯುತ್ತಿದ್ದ. ಬಿಳಿ ಅಂಗಿ, ಬಿಳಿ ಪಂಚೆ, ತಲೆಗೆ ಹಳದಿ ರುಮಾಲು. ಕೈಯಲ್ಲಿ ಜಾಗಟೆ. ಇವನಿಗೆ ಭಕ್ತಿ ಸ್ವಲ್ಪ ಜಾಸ್ತಿಯೇ ಆಯಿತು ಎಂದುಕೊಂಡ ಹೃಷೀಕೇಶ. ಗದ್ದೆ ಮಾಡುವುದು ಈಗ ವಿಲ್ಫ್ರೆಡ್. ತೆನೆ ಬಾಗಿ ಹಳದಿಗೆ ತಿರುಗಿತ್ತು. ಬಾವಿಯ ಹತ್ತಿರ ತಲೆಗೆ ಎರಡು ಕೊಡ ನೀರು ಹೊಯ್ದುಕೊಂಡು, ಒದ್ದೆ ಪಂಚೆಯಲ್ಲೇ ಗದ್ದೆಗಿಳಿದು, ಅಪ್ಪ ಹೇಳುತ್ತಿದ್ದ ಎರಡು ಸಾಲನ್ನು ಹೇಳಿ, ಅವನು ಕತ್ತಿಯಿಂದ ಒಂದು ಕಟ್ಟು ತೆನೆ ಕೊಯ್ದ. ಮಾವು, ಹಲಸು, ಬಿದಿರಿನ ಎಲೆಗಳ ಜೊತೆ ಹರಿವಾಣದಲ್ಲಿಟ್ಟ. ತಲೆಗೇರಿಸುವ ಮೊದಲು ತಿಮ್ಮಣ್ಣನಿಗೆ ನಿಯಮ ತಿಳಿಸಿದ: ತೆನೆ ತಲೆಗೆ ಬಂದ ಮೇಲೆ ಮನೆಯೊಳಗೆ ಇಳಿಸುವ ತನಕ ನಾನು ಮಾತಾಡಲಿಕ್ಕಿಲ್ಲ, ಹಿಂದೆ ತಿರುಗಲಿಕ್ಕಿಲ್ಲ, ನೆಲಕ್ಕೆ ಇಡಲಿಕ್ಕಿಲ್ಲ. ಮಾತಾಡಿದರೆ ಲಕ್ಷ್ಮಿ ಬಾಯಿಯಿಂದ ಇಳಿದು ಹೋಗುತ್ತಾಳೆ ಎನ್ನುತ್ತಿದ್ದರು ಅಪ್ಪ. ಒಮ್ಮೆ ಅಪ್ಪನ ಕಾಲಿಗೆ ಬದುವಿನಲ್ಲಿ ಏಡಿ ಕಚ್ಚಿತ್ತು. ಅಂಗಳ ದಾಟಿ, ದೇವರ ಮುಂದೆ ಹರಿವಾಣ ಇಳಿಸಿ, ಆಮೇಲೆ ಕೂಗಿದ್ದರು.

“ಆಗ್ಲಿರಿ. ನೀವು ಮಾತಾಡಬ್ಯಾಡ್ರಿ, ನಾನ ಮಾತಾಡ್ತೀನಿ,” ಎಂದ ತಿಮ್ಮಣ್ಣ, ಮತ್ತು ಜಾಗಟೆ ಬಾರಿಸಿದ.

ಹತ್ತು ಹೆಜ್ಜೆ ನಡೆದಿರಬೇಕು. ತೆನೆಗಳು ಹರಿವಾಣದ ಅಂಚಿನಿಂದ ಕಣ್ಣಿನ ಮುಂದೆ ಇಳಿಬಿದ್ದು ತೂಗುತ್ತಿದ್ದವು, ಹೃಷೀಕೇಶನಿಗೆ ತನ್ನ ಕಾಲು ಮತ್ತು ಒಂದು ಗೇಣು ಬದು ಮಾತ್ರ ಕಾಣುತ್ತಿತ್ತು. ಹಿಂದಿನಿಂದ ತಿಮ್ಮಣ್ಣ ಜಾಗಟೆಯ ಎರಡು ಪೆಟ್ಟಿನ ನಡುವೆ ಹೇಳಿದ: “ಅಮ್ಮಾರು ಎಂಟೂವರಿ ಬಸ್ಸಿಗೇ ಬಂದಾರ್ರಿ. ಭಾಳ ಹೊತ್ತಾತು ಕುಂತು. ಜಗಲಿ ಮ್ಯಾಲ ಕುಂದರ್ಸೀವಿ. ನೀವು ಬರೋತನಕ ಒಳಗ ಬಿಡಬಾರದು ಅಂದ್ಲು ಹುಲಿಗಿ.”

ಹೃಷೀಕೇಶನ ಕಾಲು ನಿಂತಿತು. ಯಾವ ಅಮ್ಮ ಎಂದು ಕೇಳುವಂತಿರಲಿಲ್ಲ. ತಿರುಗುವಂತಿರಲಿಲ್ಲ.

“ಕಾರ್ಕಳಕ್ಕ ಹುಲಿಗಿನ ಹೋಗಿ ಕರದು ಬಂದಾಳ್ರಿ. ಭಕ್ತಿಲೆ ಕರದ್ರ ಬರ್ತಾಳ ಅಂದಿದ್ರಿ ನೀವು. ಕಾರ್ಡಿನ ಮ್ಯಾಲಿನ ಅಡ್ರಸ್ ವಿಲ್ಫ್ರೆಡ್ ಸಾಹೇಬ್ರು ಓದಿ ಹೇಳಿದ್ರು. ನಮ್ಮ ಕಡೀಗೂ ಹಂಗ ನೋಡ್ರಿ, ಎಷ್ಟ ವರ್ಷ ಬಿಟ್ಟ ಇದ್ರೂ ಹೆಣ್ಣನ್ನ ಮನೀ ತುಂಬಿಸ್ಕೊಳ್ಳೋ ಮುಂದ ಹೊಸದಾಗಿ ಎಲ್ಲಾ ಶಾಸ್ತ್ರ ಮಾಡ್ತೀವಿ.”

ತಪ್ಪು ಎಲ್ಲಿ ನುಸುಳಿತ್ತು ಎನ್ನುವುದು ಈಗ ಅಚ್ಚಾದ ಹಾಳೆಯಷ್ಟು ಸ್ಪಷ್ಟವಾಗಿ ಕಂಡಿತು. ತುಂಬಿಸುವುದು, ತುಂಬಿಸಿಕೊಳ್ಳುವುದು. ಎರಡೂ ಒಳ್ಳೆಯ ಕನ್ನಡವೇ, ಎರಡೂ ಕೋಶದಲ್ಲಿ ಇರುವಂಥದೇ. ವಿಲ್ಫ್ರೆಡ್ ಕೈ ಕುಲುಕಿದ್ದು ಯಾಕೆಂದೂ ತಿಳಿಯಿತು. ಪ್ರತಿ ವರ್ಷ ಮಾಡ್ತಿದ್ದೆ ಎಂದು ತಾನು ಅವನಿಗೆ ಹೇಳಿದ್ದು, ಅಪ್ಪನೂ ಮಾಡುತ್ತಿದ್ದರು, ಅಮ್ಮನೇ ಮುಂದೆ ನಿಂತು ಎಂದು ಹೇಳಿದ್ದು ನೆನಪಾಗಿ ಒದ್ದೆ ಪಂಚೆಯಲ್ಲೂ ಮೈ ಬಿಸಿಯಾಯಿತು. ಒಂದು ಮಾತು ಸಾಕಿತ್ತು. ತಿಮ್ಮಣ್ಣ, ಅದು ಭತ್ತದ ತೆನೆ ಮಾರಾಯ. ಐದು ಪದ. ಆದರೆ ಆ ಐದು ಪದಕ್ಕೆ ಬಾಯಿ ತೆರೆದರೆ ಅಪ್ಪನ ಏಡಿ ಕಚ್ಚಿದ ಕಾಲು ಕಣ್ಣ ಮುಂದೆ ಬರುತ್ತಿತ್ತು. ಅವನು ನಡೆದ. ಓಡಿಹೋಗೋಣವೆಂದರೆ ತಲೆಯ ಮೇಲೆ ಲಕ್ಷ್ಮಿ. ಈ ಹರಿವಾಣವನ್ನು ಒಳಗೆ ಇಳಿಸಿದ ಕೂಡಲೇ ಎಲ್ಲರನ್ನೂ ಕೂರಿಸಿ ಸರಿಯಾದ ಅರ್ಥವನ್ನು ವಿವರಿಸಿಬಿಡಬೇಕು ಎಂದು ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸಿಕೊಂಡ. ಅವಳನ್ನೂ. ಅವಳಿಗೂ ವಿವರಿಸಬೇಕಲ್ಲ ಎಂದಾಗ ಜೋಡಿಸಿದ್ದೆಲ್ಲ ಚೆದುರಿಹೋಯಿತು.

ಅಂಗಳಕ್ಕೆ ಬಂದಾಗ ಗಂಡಸರ ನಾಲ್ಕು ಜೊತೆ ಕಾಲು, ಹೆಂಗಸರ ಐದಾರು ಜೊತೆ ಕಾಲು ಕಂಡವು. ಉದ್ಯಾವರದ ಶೆಡ್ಡುಗಳಿಂದ ತಿಮ್ಮಣ್ಣನ ಬಳಗ ಬಂದಿತ್ತು. ಎರಡು ಬಾಳೆಯ ಗಿಡಗಳನ್ನು ಕಡಿದು ನಿಲ್ಲಿಸಿದ್ದರು. ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಯಾರೋ ‘ಸೂಸ್ವಾಗತ’ ಎಂದು ಬರೆದಿದ್ದರು. ಹೃಷೀಕೇಶನ ಕಣ್ಣು ಅಲ್ಲೇ ನಿಂತಿತು. ಇಷ್ಟರ ನಡುವೆಯೂ ಆ ದೀರ್ಘವನ್ನು ಕಾಲಿನ ಹೆಬ್ಬೆರಳಿನಿಂದ ಅಳಿಸಿಬಿಡಬಹುದು ಎಂದು ಅನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಜಗಲಿಯ ಮೆಟ್ಟಿಲಿನ ಬಳಿ ಕಂದು ಬಣ್ಣದ ಒಂದು ಜೊತೆ ಚಪ್ಪಲಿ, ಒಳಗೆ ಎರಡು ಪಾದ. ಹಿಮ್ಮಡಿ ಒಡೆದಿತ್ತು. ಹನ್ನೊಂದು ವರ್ಷದಲ್ಲಿ ಇವಳ ಹಿಮ್ಮಡಿ ಒಡೆದಿದೆ ಎಂಬುದು ಅವನಿಗೆ ಎಲ್ಲಕ್ಕಿಂತ ದೊಡ್ಡ ಸುದ್ದಿಯಾಗಿ ತೋರಿತು.

“ಮಾತಾಡ್ಲಿಕ್ಕಿಲ್ಲ ಅಲ್ವಾ ನೀವು,” ಎಂದಳು ವನಜಾಕ್ಷಿ. ಅಂಗಳದ ತುಂಬ ಕನ್ನಡದವರಿದ್ದರೆಂದೋ ಏನೋ, ಮನೆಯ ತುಳು ಬಿಟ್ಟು ಕನ್ನಡದಲ್ಲೇ ಆಡಿದಳು. “ಮಾವನೂ ಹಾಗೆಯೇ ಇದ್ದರು. ನೆನಪುಂಟು ನನಗೆ. ಒಳ್ಳೆಯದೇ ಆಯಿತು. ಹಾಗಾದ್ರೆ ನಾನು ಸ್ವಲ್ಪ ಹೇಳ್ತೇನೆ.”

ತಿಮ್ಮಣ್ಣ ಜಾಗಟೆ ನಿಲ್ಲಿಸಿದ.

“ಇವಳು ಹೋದ ಗುರುವಾರ ಬಂದಳು. ಎರಡು ಬಸ್ಸು ಹಿಡಿದು, ಒಂದು ತೆಂಗಿನಕಾಯಿ, ಒಂದು ರವಿಕೆ ಕಣ ತಕ್ಕೊಂಡು. ದಶಮಿ ದಿನ ಯಜಮಾನರು ನಿಮ್ಮನ್ನು ಮನೆ ತುಂಬಿಸಿಕೊಳ್ತಾರೆ ಅಂದಳು. ನನಗೆ ಒಂದು ನಿಮಿಷ ಹಿಡಿಯಿತು. ಆಮೇಲೆ ಗೊತ್ತಾಯಿತು, ಇದು ತೆನೆಯ ವಿಷಯ ಅಂತ. ನೀವು ಹಾಗೆಲ್ಲ ಹೇಳಿ ಕಳಿಸುವ ಜನ ಅಲ್ಲ. ಕಳಿಸುವುದಿದ್ದರೆ ಬರೆದು ಕಳಿಸ್ತಿದ್ರಿ. ಬರೆದಿದ್ದರೆ ಎರಡು ಸಲ ತಿದ್ದಿ ಕಳಿಸ್ತಿದ್ರಿ.” ಅವಳು ನಕ್ಕಳೋ ಇಲ್ಲವೋ, ತೆನೆಯ ಮರೆಯಲ್ಲಿ ಕಾಣಲಿಲ್ಲ. “ಇವಳಿಗೆ ಹೇಳಬೇಕು ಅಂತ ಬಾಯಿಗೆ ಬಂತು. ಹೇಳಲಿಲ್ಲ. ಚಾ ಕೊಟ್ಟೆ. ಬರ್ತೇನೆ ಅಂದೆ. ದಸರಾ ರಜೆ ಹೇಗೂ ಉಂಟಲ್ಲ.”

ಹೆಂಗಸರಲ್ಲಿ ಯಾರೋ ಬಳೆ ಸರಿಸಿಕೊಂಡ ಸದ್ದಾಯಿತು. ಹೃಷೀಕೇಶನ ಕುತ್ತಿಗೆ ನೋಯತೊಡಗಿತ್ತು. ನೀರು ಪಂಚೆಯಿಂದ ಇಳಿದು ‘ಸೂಸ್ವಾಗತ’ದ ಕಡೆಗೆ ಹರಿಯುತ್ತಿತ್ತು.

“ಆ ಕಾಗದ ಈಗಲೂ ಉಂಟು ನನ್ನ ಹತ್ತಿರ. ನೀವು ದೀರ್ಘ ಹಾಕಿದ್ದನ್ನೇ ನಾನು ಉತ್ತರ ಅಂತ ತಿಳಿದುಕೊಂಡೆ. ಎರಡು ವರ್ಷ ಸಿಟ್ಟಿತ್ತು. ಆಮೇಲೆ ಅದೂ ಹೋಯಿತು. ಸಿಟ್ಟು ಹೋದ ಮೇಲೆ ಬರಲಿಕ್ಕೆ ಎಂತ ನೆಪವೂ ಸಿಗಲಿಲ್ಲ ನೋಡಿ. ಈಗ ನೀವು ತೆನೆ ಇಳಿಸಿ ಬಾಯಿ ಬಿಟ್ಟ ಕೂಡಲೇ ಇವರಿಗೆ ಸರಿಯಾದ ಅರ್ಥ ಹೇಳಿಬಿಡ್ತೀರಿ. ಅದು ಗೊತ್ತುಂಟು ನನಗೆ. ಹೇಳಿ, ಬೇಡ ಅನ್ನುವುದಿಲ್ಲ. ನಾಲ್ಕೂವರೆಗೆ ಬಸ್ಸುಂಟು. ತಪ್ಪು ತಿಳಿದುಕೊಂಡು ಬಂದವಳು ಅಂತ ಮಾತ್ರ ಹೇಳಬೇಡಿ. ಸರಿಯಾಗಿ ತಿಳಿದುಕೊಂಡೇ ಬಂದದ್ದು ನಾನು.”

ಅವಳ ಮಾತಿನಲ್ಲಿ ತಪ್ಪಿತ್ತೋ ಇಲ್ಲವೋ ಅವನು ಗಮನಿಸಿರಲಿಲ್ಲ. ಗಮನಿಸಿಲ್ಲ ಎಂಬುದು ಸ್ವಲ್ಪ ತಡವಾಗಿ ಗಮನಕ್ಕೆ ಬಂತು. ಅಳು ಬರುವ ಹಾಗಾಯಿತು. ತಲೆಯ ಮೇಲೆ ಹರಿವಾಣ ಹೊತ್ತವನು ಅತ್ತರೆ ಒರೆಸಿಕೊಳ್ಳಲು ಕೈಯೇ ಇರುವುದಿಲ್ಲ. ಒಳಗೆ ಹೋಗಬೇಕು, ಇಳಿಸಬೇಕು, ಬಾಯಿ ತೆರೆಯಬೇಕು. ತೆರೆದು ಏನು ಹೇಳುವುದು ಎಂದು ಮಾತ್ರ ಈಗ ಅವನಿಗೆ ಗೊತ್ತಿರಲಿಲ್ಲ. ಅವನು ಮೂರು ಮೆಟ್ಟಿಲು ಹತ್ತಿ ಜಗಲಿ ದಾಟಿ ಹೆಬ್ಬಾಗಿಲಿಗೆ ಬಂದ. ಹೊಸ್ತಿಲಿನ ಮೇಲೆ ಅಕ್ಕಿ ತುಂಬಿದ ಸೇರು. ಅದರ ಹಿಂದೆ ಬಾಗಿಲಿನ ಎರಡೂ ದಾರಂದಕ್ಕೆ ಕೈ ಕೊಟ್ಟು ನಿಂತ ಹುಲಿಗೆವ್ವಳ ಹಸಿರು ಸೀರೆಯ ನೆರಿಗೆ.

“ಹಂಗ ಒಳಗ ಬಿಡಂಗಿಲ್ರಿ ಭಟ್ರ,” ಎಂದಳು ಹುಲಿಗೆವ್ವ. “ಹೆಸರ ಹೇಳ್ರಿ. ಅಮ್ಮಾರ ಹೆಸರ ನೀವು ಹೇಳ್ರಿ, ನಿಮ್ಮ ಹೆಸರ ಅಮ್ಮಾರು ಹೇಳ್ಲಿ. ಆಮ್ಯಾಲ ಸೇರ ಒದ್ದು ಒಳಗ ಬರ್ಲಿ.”

“ಅವರು ಮಾತಾಡಂಗಿಲ್ಲಂತ. ಅವರ ಪದ್ಧತಿ ಐತಿ,” ಎಂದ ತಿಮ್ಮಣ್ಣ ಹಿಂದಿನಿಂದ.

“ಹೆಣ್ಣ ಒಳಗ ತರೋ ಮುಂದ ಹೆಸರ ಹೇಳದಂಥಾ ಪದ್ಧತಿ ಯಾವೂರಾಗ ಐತಿ? ಬರೇ ಹೇಳಂಗಿಲ್ರಿ ಮತ್ತ, ಒಡಪು ಹಾಕಿ ಹೇಳ್ಬೇಕು. ನಾನು ಹೇಳಿ ತೋರಸ್ತೀನಿ. ಹೊಳಿ ದಂಡ್ಯಾಗ ಹಸರ ಹುಲ್ಲು, ತಿಮ್ಮಣ್ಣನ ಹೆಸರ ಹೇಳ್ತೀನಿ ಬಾಗಿಲ ಬಿಟ್ಟು ನಿಲ್ಲು. ಹಿಂಗ.”

ಶೆಡ್ಡಿನ ಹೆಂಗಸರು ನಕ್ಕರು. ತಿಮ್ಮಣ್ಣ ನಾಚಿಕೊಂಡು ಜಾಗಟೆಗೆ ಒಂದು ಪೆಟ್ಟು ಕೊಟ್ಟ. ತನ್ನದೇ ಅಜ್ಜ ಕಟ್ಟಿಸಿದ ಮನೆಯ ಬಾಗಿಲಲ್ಲಿ, ಹಟ್ಟಿಯಲ್ಲಿ ಇರಲು ತಾನೇ ಜಾಗ ಕೊಟ್ಟ ಹೆಂಗಸು ಅಡ್ಡ ನಿಂತು, ಮಾತಾಡಿದರೆ ಮಾತ್ರ ಒಳಗೆ ಎನ್ನುತ್ತಿದ್ದಳು. ಒಳಗೆ ಹೋದರೆ ಮಾತ್ರ ಮಾತು ಎಂದು ಅಪ್ಪ ಸತ್ತ ಮೇಲೂ ಎಲ್ಲಿಂದಲೋ ಹೇಳುತ್ತಿದ್ದರು. ಈ ಎರಡರ ನಡುವೆ ಒಂದು ಗೇಣು ಹೊಸ್ತಿಲಿನಲ್ಲಿ ಹೃಷೀಕೇಶ ಎಂಬವನು ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತಿದ್ದ. ಹೆಸರು ಬಾಯಿಯಲ್ಲಿ ಇರಲಿಲ್ಲವೆಂದಲ್ಲ. ಐದು ವರ್ಷದ ಹಿಂದೆ ಪ್ರಾವಿಡೆಂಟ್ ಫಂಡಿನ ಫಾರಮ್ಮಿನಲ್ಲಿ ವಾರಸುದಾರರು ಎಂಬಲ್ಲಿ ಅದನ್ನು ಬರೆದಿದ್ದ, ಕ್ಷಕ್ಕೆ ಗುಡಿಸು ಸರಿಯಾಗಿ ಬಿದ್ದಿದೆಯೇ ಎಂದು ನೋಡಿಯೂ ಇದ್ದ. ಬರೆದಿದ್ದ, ಆಡಿರಲಿಲ್ಲ. ಅವಳು, ಕಾರ್ಕಳದಲ್ಲಿ ಇರುವವರು, ನಮ್ಮ ಮನೆಯವರು ಎಂದು ಹನ್ನೊಂದು ವರ್ಷ ಸುತ್ತುಬಳಸಿ ಓಡಾಡಿದ್ದ. ಆ ನಾಲ್ಕಕ್ಷರವನ್ನು ನಾಲಗೆ ಇನ್ನು ಆಡೀತೇ ಎಂದೂ ಅವನಿಗೆ ಸಂಶಯವಿತ್ತು.

“ಬಿಡು ಹುಲಿಗೆವ್ವ, ಅವರನ್ನು ಸತಾಯಿಸಬೇಡ,” ಎಂದಳು ವನಜಾಕ್ಷಿ, ಅವನ ಬೆನ್ನ ಹಿಂದೆ. ಗಾಳಿಯನ್ನು ಮೂಸಿದ ಹಾಗೆ ಒಂದು ಸದ್ದು. “ನಾನು ಹೋಗ್ತೇನೆ.”

ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯಿತು. ಅಂಗಳಕ್ಕೆ ಹೋಯಿತು. ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ದೂರವಾಗುತ್ತ ಹೋಯಿತು ಎನ್ನುವುದು ಮಾತ್ರ ತಿಳಿಯಿತು. ಯಾರೂ ತಡೆಯಲಿಲ್ಲ. ಯಾಕೆ ಯಾರೂ ತಡೆಯುತ್ತಿಲ್ಲ ಎಂದು ಹೃಷೀಕೇಶನಿಗೆ ಸಿಟ್ಟು ಬಂತು, ಇಷ್ಟು ಜನ ಸೇರಿದ್ದಾರಲ್ಲ, ಒಬ್ಬರಾದರೂ ಅಮ್ಮಾರ ನಿಲ್ಲಿರಿ ಎನ್ನಬಾರದೇ. ಹಿಂದೆ ತಿರುಗಲಿಕ್ಕಿಲ್ಲ. ನೆಲಕ್ಕೆ ಇಡಲಿಕ್ಕಿಲ್ಲ. ನಾಲ್ಕೂವರೆಯ ಬಸ್ಸು ಎಂದಿದ್ದಳು, ಈಗಿನ್ನೂ ಹತ್ತು ಗಂಟೆ. ಅವನಿಗೆ ಹೆದರಿಕೆಯಾಯಿತು, ಚಿಕ್ಕಂದಿನಲ್ಲಿ ಗದ್ದೆಯ ನಡುವೆ ದಾರಿ ತಪ್ಪಿದಾಗ ಆಗಿತ್ತಲ್ಲ ಅಂಥ ಹೆದರಿಕೆ. ಲಕ್ಷ್ಮಿ ಬಾಯಿಯಿಂದ ಇಳಿದು ಹೋಗುವುದಾದರೆ ಹೋಗಲಿ.

“ವನಜಾಕ್ಷಿ,” ಎಂದ.

ಗಂಟಲಿಗೆ ಅಂದಾಜು ಸಿಗದೆ ಅದು ಗದ್ದೆಯಾಚೆಗೂ ಕೇಳುವಷ್ಟು ಜೋರಾಗಿ ಬಂತು. ಬಾವಿಯ ಕಟ್ಟೆಯ ಮೇಲಿದ್ದ ಕಾಗೆ ಹಾರಿತು. ಹುಲಿಗೆವ್ವಳ ಕೈ ದಾರಂದದಿಂದ ಜಾರಿತು.

ಉತ್ತರ ಅಂಗಳದಿಂದ ಬರಲಿಲ್ಲ. ಒಳಗಿನಿಂದ ಬಂತು. ಅಡುಗೆಮನೆಯಿಂದ, ಪಾತ್ರೆಯ ತಳವನ್ನು ಸೌಟಿನಿಂದ ಕೆರೆಯುವ ಸದ್ದಿನ ನಡುವೆ, ದಿನಾ ಕರೆಯುವವನಿಗೆ ಓಗೊಡುವ ಧ್ವನಿಯಲ್ಲಿ.

“ಎಂತ?”

ಹೃಷೀಕೇಶ ಹರಿವಾಣವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ಹೇಳಬೇಕಾದದ್ದು ಬಹಳ ಇತ್ತು.

“ಪಾಯಸ ತಳ ಹಿಡಿದಿದೆ,” ಎಂದಿತು ಒಳಗಿನ ಧ್ವನಿ. “ಒಲೆ ಮೇಲೆ ಇಟ್ಟು ಎಲ್ಲರೂ ಬಾಗಿಲಲ್ಲಿ ನಿಂತರೆ ಹೇಗೆ? ಎಂತ ಕರೆದದ್ದು?”

“ನಾನು ಒಳಗೆ ಬರಬಹುದಾ?” ಎಂದ ಹೃಷೀಕೇಶ.

ಸೌಟಿನ ಸದ್ದು ನಿಂತಿತು. ಮತ್ತೆ ಶುರುವಾಯಿತು.

“ಹಿಂದಿನ ಬಾಗಿಲು ತೆಗೆದುಂಟು,” ಎಂದಳು ವನಜಾಕ್ಷಿ.

ಅವನು ತೆನೆಯನ್ನು ಹೊತ್ತುಕೊಂಡೇ ಮೆಟ್ಟಿಲಿಳಿದು ಬಚ್ಚಲಿನ ಪಕ್ಕದಿಂದ ಮನೆಯನ್ನು ಸುತ್ತಿ ನಡೆದ. ಏನು ಮಾಡಬೇಕೆಂದು ತಿಳಿಯದ ತಿಮ್ಮಣ್ಣ ಜಾಗಟೆ ಬಾರಿಸುತ್ತ ಅವನ ಹಿಂದೆಯೇ ಹೋದ.